ಕಾಂಗ್ರೆಸ್ ಗಿಡದ ಮೇಲಿನ ದೂರು

ಮಳೆ ಬಿದ್ದ ಕೆಲವೇ ವಾರಗಳಲ್ಲಿ ಹೊಸಕೋಟೆ ಸೀಮೆಯ ಖಾಲಿ ನಿವೇಶನಗಳಲ್ಲಿ ಪಾರ್ಥೇನಿಯಂ ಬೆಳ್ಳಗೆ ಹೂ ಬಿಡುತ್ತದೆ. ಪಿಲ್ಲಗುಂಪೆಯಂಥ ಊರುಗಳಲ್ಲಿ ಅದು ಕಾಂಗ್ರೆಸ್ ಗಿಡ. ಸೀನಿಗೂ ತುರಿಕೆಗೂ ಉಬ್ಬಸಕ್ಕೂ ದೂರು ಬೀಳುವುದು ಅದರ ಮೇಲೆಯೇ.

ದೂರಿನಲ್ಲಿ ಹುರುಳಿದೆಯೇ? ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು ಗಿಡದ ಪರಾಗದ ಸಾರವನ್ನು ಬೆಂಗಳೂರಿನ ರೋಗಿಗಳ ಚರ್ಮಕ್ಕೆ ಚುಚ್ಚಿ ನೋಡಿದರು. 1991ರಲ್ಲಿ ಪ್ರಕಟವಾದ ಲೆಕ್ಕದಂತೆ, ಮೂಗಿನ ತೊಂದರೆಯವರಲ್ಲಿ ಶೇ 34, ಅಸ್ತಮಾದವರಲ್ಲಿ ಶೇ 12 ಮಂದಿಗೆ ಗುಳ್ಳೆ ಎದ್ದಿತು. ಗಿಡ ನಿರಪರಾಧಿಯಲ್ಲ, ಆದರೆ ಅದರ ಕಾಟ ಎದೆಗಿಂತ ಮೂಗಿಗೇ ಹೆಚ್ಚು.

ಈ ಚುಚ್ಚುವ ಪರೀಕ್ಷೆಯ ಮೂಲಪುರುಷ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ. ಸ್ವತಃ ಸೀನಿನ ರೋಗಿಯಾಗಿದ್ದ ಆತ ತನ್ನ ಚರ್ಮವನ್ನೇ ಕೆರೆದು, ಹುಲ್ಲಿನ ಪರಾಗ ಸವರಿ ನೋಡಿಕೊಂಡ. 1873ರಲ್ಲಿ ಅದನ್ನೆಲ್ಲ ಪುಸ್ತಕವಾಗಿಸಿದ. ‘ಅಲರ್ಜಿ’ ಎಂಬ ಪದ ಹುಟ್ಟಿದ್ದು 1906ರಲ್ಲಿ. ರೋಗಕ್ಕಿಂತ ಹೆಸರು ಎಷ್ಟು ತಡ!

ಅಸ್ತಮಾ ಪತ್ತೆಗೆ ಮಾಡುವ ಊದುವ ಪರೀಕ್ಷೆಯ ಕಥೆ ಬೇರೆ. ಲಂಡನ್ನಿನ ಜಾನ್ ಹಚಿನ್ಸನ್ 1846ರ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ನೀರಿನ ಮೇಲೆ ತೇಲುವ ಡಬ್ಬಿಯೊಳಕ್ಕೆ ಊದಿಸಿ ಉಸಿರು ಅಳೆದಿದ್ದ. ಅವನು ಕೇಳಿದ್ದು ಎಷ್ಟು ಉಸಿರು ಎಂದು. ಉಬ್ಬಸದವರ ಕಷ್ಟವಿರುವುದು ಎಷ್ಟು ಬೇಗ ಎಂಬುದರಲ್ಲಿ: ಗಾಳಿ ಒಳಗಿದ್ದರೂ ಕೊಳವೆ ಕಿರಿದಾಗಿ ಹೊರಬರಲು ತಿಣುಕುತ್ತದೆ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಿದ್ದ ಗಾಳಿಯನ್ನು ಅಳೆಯುವ ಉಪಾಯವನ್ನು ಫ್ರಾನ್ಸಿನ ತಿಫೆನೋ ಹೇಳಿದ್ದು 1947ರಲ್ಲಿ. ಕೊಳವೆ ಹಿಗ್ಗಿಸುವ ಸಾಲ್ಬುಟಮಾಲ್ ಔಷಧಿ ಎಳೆದುಕೊಂಡ ಮೇಲೆ ಆ ಅಳತೆ ಶೇ 12ರಷ್ಟು, ಜೊತೆಗೆ 200 ಮಿಲಿಲೀಟರಿನಷ್ಟು ಏರಿದರೆ ಅಸ್ತಮಾದ ಅನುಮಾನ ಬಲವಾಗುತ್ತದೆ.

ತೊಡಕು ಇಲ್ಲೇ. ಎಂದೂ ಉಬ್ಬಸ ಕಾಣದವರ ಕೈಮೇಲೂ ಗುಳ್ಳೆ ಏಳಬಹುದು. ಅಸ್ತಮಾ ಇದ್ದವರು ಚೆನ್ನಾಗಿರುವ ದಿನ ಬಂದು ಊದಿದರೆ ಅಂಕಿಗಳೆಲ್ಲ ಸರಿಯಾಗಿಯೇ ಇರಬಹುದು. ಹಾಗಾಗಿ ಒಂದು ಬೆಳಗಿನ ಪರೀಕ್ಷೆಯಿಂದ ಇಬ್ಬರನ್ನೂ ಬೇರ್ಪಡಿಸುವುದು ಸುಲಭವಲ್ಲ.

ಪಿಲ್ಲಗುಂಪೆ ಕೈಗಾರಿಕಾ ಪ್ರದೇಶವೂ ಹೌದು. ಪಾಳಿಯಲ್ಲಿ ದುಡಿಯುವವರು ಕೆಮ್ಮಿ ಬಂದಾಗ ಗಿಡವನ್ನಷ್ಟೇ ಬೈದರೆ ಸಾಲದು. ಕೆಲಸದ ಜಾಗದ ದೂಳು, ಹೊಗೆಯನ್ನೂ ವಿಚಾರಿಸಬೇಕು. ಅದಕ್ಕೊಂದು ಅಗ್ಗದ ಸಾಧನವಿದೆ: 1959ರಲ್ಲಿ ಬ್ರಿಟನ್ನಿನ ಮಾರ್ಟಿನ್ ರೈಟ್ ಪರಿಚಯಿಸಿದ, ಊದಿದ ಗಾಳಿಯ ಗರಿಷ್ಠ ವೇಗ ಅಳೆಯುವ ಪೀಕ್ ಫ್ಲೋ ಮೀಟರಿನ ಕಿರಿಯ ತಮ್ಮ, ಅಂಗೈಯಗಲದ ಕೊಳವೆ. ದಿನಕ್ಕೆ ನಾಲ್ಕು ಸಲದಂತೆ ಕೆಲವು ವಾರ ಊದಿ ಬರೆದಿಡಬೇಕು. ವೈದ್ಯರು ಆ ಪಟ್ಟಿಯಲ್ಲಿ ಮೊದಲು ಹುಡುಕುವುದು ವಾರದ ರಜೆಯ ದಿನವನ್ನು.