ಪಿತಾಮಹನಿಗೆ ತಡವಾಗಿ ಬಂದ ಗ್ರ್ಯಾಮಿ

ಒಂದು ಸಂಗೀತಪ್ರಕಾರಕ್ಕೆ ರೂಪವನ್ನು ಕೊಟ್ಟು, ತನ್ನ ತಂಡದ ಹೆಸರನ್ನೇ ಅದಕ್ಕೆ ಬಿಟ್ಟುಕೊಟ್ಟು, ಅರ್ಧಶತಮಾನದ ಕಾಲ ಅದನ್ನೇ ಹಾಡಿ ನುಡಿಸಿದ ಕಲಾವಿದನಿಗೆ, ಆ ಪ್ರಕಾರಕ್ಕೆಂದೇ ಸ್ಥಾಪಿತವಾದ ಮೊತ್ತಮೊದಲ ಗ್ರ್ಯಾಮಿ ಪ್ರಶಸ್ತಿ ಎಪ್ಪತ್ತೇಳನೆಯ ವಯಸ್ಸಿನಲ್ಲಿ ದೊರೆಯಿತು. ಆತನು ಅಮೆರಿಕದ ಬಿಲ್ ಮನ್ರೋ. ಆತನ ತಂಡ ‘ಬ್ಲೂ ಗ್ರಾಸ್ ಬಾಯ್ಸ್’; ಆ ಸಂಗೀತಪ್ರಕಾರ ‘ಬ್ಲೂಗ್ರಾಸ್’. 1989ರಲ್ಲಿ ಆ ಗೌರವಕ್ಕೆ ಪಾತ್ರವಾದದ್ದು, ಹಿಂದಿನ ವರ್ಷ ಎಂಸಿಎ ಸಂಸ್ಥೆ ಹೊರತಂದಿದ್ದ ‘ಸದರ್ನ್ ಫ್ಲೇವರ್’ ಎಂಬ ಆಲ್ಬಂ.

ಮನ್ರೋ ಜನಿಸಿದ್ದು 1911ರಲ್ಲಿ, ಕೆಂಟಕಿ ಸಂಸ್ಥಾನದ ರೋಸೀನ್ ಎಂಬ ಹಳ್ಳಿಯಲ್ಲಿ. ಪಿಟೀಲನ್ನೂ ಗಿಟಾರನ್ನೂ ಅಣ್ಣಂದಿರು ಮೊದಲೇ ವಶಮಾಡಿಕೊಂಡಿದ್ದುದರಿಂದ ಮನೆಯ ಕಿರಿಯನ ಪಾಲಿಗೆ ಮ್ಯಾಂಡೊಲಿನ್ ಉಳಿಯಿತು. ತಂದೆತಾಯಿಗಳು ಕಾಲವಾದ ಮೇಲೆ ಆಶ್ರಯವಿತ್ತ ಸೋದರಮಾವ ಪೆನ್ ವ್ಯಾಂಡಿವರ್ ಕುಣಿತದ ಕೂಟಗಳಲ್ಲಿ ಪಿಟೀಲು ನುಡಿಸುತ್ತಿದ್ದವನು. ಬಾಲಕನು ಹಳೆಯ ಧಾಟಿಗಳನ್ನು ಅವನಿಂದಲೂ, ಬ್ಲೂಸ್ ಸಂಗೀತದ ಮರ್ಮವನ್ನು ಆರ್ನಾಲ್ಡ್ ಶುಲ್ಟ್ಸ್ ಎಂಬ ಆಫ್ರಿಕನ್ ಅಮೆರಿಕನ್ ವಾದಕನಿಂದಲೂ ಗ್ರಹಿಸಿದನು. 1939ರಲ್ಲಿ ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ರೇಡಿಯೋ ಕಾರ್ಯಕ್ರಮದಲ್ಲಿ ಆತನಿಗೆ ಸ್ಥಾನ ದೊರೆಯಿತು. 1945ರ ಅಂತ್ಯದಲ್ಲಿ ಮೂರು ಬೆರಳುಗಳಿಂದ ಬ್ಯಾಂಜೊ ಮೀಟುವ ಅರ್ಲ್ ಸ್ಕ್ರಗ್ಸ್ ತಂಡವನ್ನು ಸೇರಿದಾಗ ಬ್ಲೂಗ್ರಾಸ್ ಪರಿಪೂರ್ಣವಾಯಿತೆಂದು ರಸಿಕರ ಅಭಿಪ್ರಾಯ.

ಈ ಸಂಗೀತದಲ್ಲಿ ಚರ್ಮವಾದ್ಯವಿಲ್ಲ. ತಾಳದ ಹೊಣೆಯನ್ನು ಕೆಳಗಿನಿಂದ ಬಾಸ್ ಹೊರುತ್ತದೆ; ಅದರ ಪೆಟ್ಟುಗಳ ನಡುವಣ ಎಡೆಯಲ್ಲಿ ಮ್ಯಾಂಡೊಲಿನ್ನಿನ ಎಂಟು ತಂತಿಗಳನ್ನು ಒಮ್ಮೆಗೇ ಮೀಟಿ, ನಾದ ಹರಡುವ ಮುನ್ನವೇ ಬೆರಳು ಸಡಿಲಿಸಿ ಮೌನಗೊಳಿಸುವ ‘ಚಾಪ್’ ಎಂಬ ಕ್ರಮವುಂಟು. ಗಾಯಕರು ಏರುಶ್ರುತಿಯಲ್ಲಿ ಹಾಡುತ್ತಾರೆ. ಚರಣಗಳ ನಡುವೆ ಪಿಟೀಲು, ಬ್ಯಾಂಜೊ, ಮ್ಯಾಂಡೊಲಿನ್‌ಗಳು ಸರದಿಯಂತೆ ಮುಂದೆ ಬಂದು, ನಮ್ಮ ಕಚೇರಿಯ ತನಿ ಆವರ್ತನದಲ್ಲಿ ಮೃದಂಗ ಘಟಗಳು ಮಾಡುವಂತೆ, ತಮ್ಮ ಚಾತುರ್ಯವನ್ನು ಮೆರೆಯುತ್ತವೆ.

‘ಸದರ್ನ್ ಫ್ಲೇವರ್’ ಸಿದ್ಧವಾಗುವ ಕೆಲವು ವರ್ಷಗಳ ಹಿಂದೆ, 1985ರ ನವೆಂಬರಿನಲ್ಲಿ, ಮನ್ರೋನ ಮನೆಗೆ ನುಗ್ಗಿದ ದುಷ್ಕರ್ಮಿಗಳು ಅಗ್ಗಿಷ್ಟಿಕೆಯ ಕಬ್ಬಿಣದ ಸಲಾಕೆಯಿಂದ ಆತನ ವಾದ್ಯವನ್ನು ಪುಡಿಗೈದರು. ಫ್ಲಾರಿಡದ ಒಂದು ಕ್ಷೌರದಂಗಡಿಯಲ್ಲಿ 150 ಡಾಲರಿಗೆ ಕೊಂಡಿದ್ದ, 1923ರ ಗಿಬ್ಸನ್ ಎಫ್-5 ಮ್ಯಾಂಡೊಲಿನ್ ಅದು. ನೂರಕ್ಕೂ ಮೀರಿದ ಚೂರುಗಳನ್ನು ಗಿಬ್ಸನ್ ಸಂಸ್ಥೆಯ ಕುಶಲಕರ್ಮಿ ಚಾರ್ಲಿ ಡೆರಿಂಗ್ಟನ್ ತಿಂಗಳುಗಟ್ಟಲೆ ಕುಳಿತು ಒಂದಕ್ಕೊಂದು ಹೊಂದಿಸಿ ಅಂಟಿಸಿದನು. 1986ರ ಫೆಬ್ರವರಿಯಲ್ಲಿ ವಾದ್ಯ ಒಡೆಯನ ಕೈಸೇರಿ ಮತ್ತೆ ನುಡಿಯಿತು.

ಆಲ್ಬಮಿನಲ್ಲಿ ಗಿಟಾರಿಗೆ ಟಾಮ್ ಯೂಯಿಂಗ್, ಬ್ಯಾಂಜೊಗೆ ಬ್ಲೇಕ್ ವಿಲಿಯಮ್ಸ್ ಮುಂತಾದವರಿದ್ದಾರೆ. ಮನ್ರೋನಿಗಿಂತ ಎಷ್ಟೋ ಕಿರಿಯರಾದ ಅವರು ಆತನ ಶೈಲಿಯನ್ನೇ ಕೇಳಿ ಬೆಳೆದವರು. ಹಾಡುಗಳ ಜೊತೆಗೆ ಭಕ್ತಿಗೀತೆಗಳೂ ವಾದ್ಯಕೃತಿಗಳೂ ಇವೆ. ಆಲ್ಬಮಿಗೆ ಹೆಸರಿತ್ತ ಕೃತಿ ಮನ್ರೋನದೇ ರಚನೆ. ಮಾತಿಲ್ಲದ ಅದರಲ್ಲಿ ಮೈನರ್ ಸ್ವರಶ್ರೇಣಿಯ ವಿಷಾದವೂ ಕುಣಿತದ ಲಯವೂ ಬೇರ್ಪಡಿಸಲಾಗದಂತೆ ಬೆರೆತಿವೆ.

ಈ ಆಲ್ಬಂ ಮನ್ರೋನ ಸರ್ವಶ್ರೇಷ್ಠ ಕೃತಿಯೆಂದು ಹೇಳಲಾಗದು. ಆ ಸ್ಥಾನ 1946 ಮತ್ತು 1947ರ ಧ್ವನಿಮುದ್ರಣಗಳಿಗೇ ಸಲ್ಲತಕ್ಕದ್ದು. ಆದರೆ ವೃದ್ಧಾಪ್ಯದಲ್ಲಿಯೂ ಹಳೆಯ ಕೀರ್ತಿಯ ಬಡ್ಡಿಯಿಂದ ಬದುಕದೆ ಹೊಸದನ್ನು ರಚಿಸುತ್ತಿದ್ದ ಮನಸ್ಸಿನ ಸಾಕ್ಷ್ಯ ಇಲ್ಲಿದೆ. ಪ್ರಶಸ್ತಿ ಅದಕ್ಕೆ ಸಂದಿತೆಂದರೆ ನ್ಯಾಯವಾದೀತು. ಮನ್ರೋ 1996ರಲ್ಲಿ ತೀರಿಕೊಂಡನು. ಬ್ಲೂಗ್ರಾಸನ್ನು ಎಂದೂ ಕೇಳದ ಓದುಗರು ಮೊದಲು ಆ ಹಳೆಯ ಮುದ್ರಣಗಳನ್ನೂ ಅನಂತರ ‘ಸದರ್ನ್ ಫ್ಲೇವರ್’ ಅನ್ನೂ ಕೇಳಲಿ. ನಾಲ್ಕು ದಶಕಗಳಲ್ಲಿ ಕಂಠ ಎಷ್ಟು ಮಾಗಿತು, ಲಯ ಎಷ್ಟು ಕಡಿಮೆ ಸಡಿಲಿತು ಎಂಬುದು ತಾನಾಗಿಯೇ ವೇದ್ಯವಾಗುತ್ತದೆ.