ಫುಟ್‌ಬಾಲ್ ಆಟದಲ್ಲಿ ಥ್ರೋ-ಇನ್: ನಿಯಮಗಳು ಮತ್ತು ಅಭ್ಯಾಸ ಕ್ರಮ

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿಗೆ ಫುಟ್‌ಬಾಲ್ ಹೊಸದಲ್ಲ. 1966ರಲ್ಲಿ ಸ್ಥಾಪನೆಗೊಂಡ ಇಲ್ಲಿನ ಟಿಬೆಟನ್ ನಿರಾಶ್ರಿತರ ನೆಲೆಯಲ್ಲಿ ಈ ಆಟವು ಜನಪ್ರಿಯವಾಗಿದೆ. ಕಿರಿದಾದ ಮೈದಾನಗಳಲ್ಲಿ ಚೆಂಡು ಪದೇ ಪದೇ ಪಾರ್ಶ್ವರೇಖೆಯನ್ನು ದಾಟುವುದರಿಂದ ಥ್ರೋ-ಇನ್ ಅವಕಾಶಗಳು ಹೆಚ್ಚಾಗಿ ದೊರೆಯುತ್ತವೆ. ಆದರೂ ಅಭ್ಯಾಸದ ವೇಳೆಯಲ್ಲಿ ಇದಕ್ಕೆ ಮೀಸಲಿಡುವ ಸಮಯ ಅತ್ಯಲ್ಪ. ದೈಹಿಕ ಶಿಕ್ಷಣ ಶಿಕ್ಷಕರು, ತರಬೇತಿದಾರರು, ಕ್ರೀಡಾ ವಸತಿ ನಿಲಯಗಳ ಆಯ್ಕೆಗೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳು ಹಾಗೂ ಅವರ ಪೋಷಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ನಿಯಮಗಳು

ಆಟದ ನಿಯಮಾವಳಿಯ 15ನೆಯ ನಿಯಮವು ಥ್ರೋ-ಇನ್‌ಗೆ ಸಂಬಂಧಿಸಿದ್ದಾಗಿದೆ. ಇದರ ಮುಖ್ಯಾಂಶಗಳು ಈ ಕೆಳಗಿನಂತಿವೆ:

1. ಎಸೆಯುವ ಆಟಗಾರನು ಮೈದಾನಕ್ಕೆ ಮುಖ ಮಾಡಿ, ಚೆಂಡು ಹೊರಹೋದ ಸ್ಥಳದಲ್ಲಿ ನಿಲ್ಲತಕ್ಕದ್ದು.
2. ಎರಡೂ ಪಾದಗಳ ಸ್ವಲ್ಪ ಭಾಗವಾದರೂ ಪಾರ್ಶ್ವರೇಖೆಯ ಮೇಲೆ ಅಥವಾ ಅದರ ಹೊರಗಿನ ನೆಲದ ಮೇಲೆ ಊರಿರತಕ್ಕದ್ದು.
3. ಚೆಂಡನ್ನು ಎರಡೂ ಕೈಗಳಿಂದ, ತಲೆಯ ಹಿಂದಿನಿಂದ ತಲೆಯ ಮೇಲಾಗಿ ಎಸೆಯತಕ್ಕದ್ದು.
4. ಎದುರಾಳಿಗಳು ಎಸೆಯುವ ಸ್ಥಳದಿಂದ ಕನಿಷ್ಠ 2 ಮೀಟರ್ ದೂರದಲ್ಲಿರತಕ್ಕದ್ದು.
5. ಎಸೆದವನು, ಬೇರೊಬ್ಬ ಆಟಗಾರನು ಮುಟ್ಟುವವರೆಗೆ, ಚೆಂಡನ್ನು ಪುನಃ ಮುಟ್ಟುವಂತಿಲ್ಲ.

ತಪ್ಪಾಗಿ ಎಸೆದಲ್ಲಿ ಅವಕಾಶವು ಎದುರಾಳಿ ತಂಡಕ್ಕೆ ಹೋಗುತ್ತದೆ. ಥ್ರೋ-ಇನ್‌ನಿಂದ ನೇರವಾಗಿ ಗೋಲು ಗಳಿಸಲಾಗದು. ತನ್ನದೇ ತಂಡದವರು ಎಸೆದ ಚೆಂಡನ್ನು ಗೋಲ್‌ಕೀಪರ್ ನೇರವಾಗಿ ಕೈಯಿಂದ ಹಿಡಿಯುವಂತಿಲ್ಲ. ಥ್ರೋ-ಇನ್‌ನಿಂದ ನೇರವಾಗಿ ಚೆಂಡು ಪಡೆದವನಿಗೆ ಆಫ್‌ಸೈಡ್ ಅನ್ವಯಿಸುವುದಿಲ್ಲ. ಈ ವಿನಾಯಿತಿ 1920ರಿಂದ ಜಾರಿಯಲ್ಲಿದೆ.

ಚೆಂಡು ಕೈತಪ್ಪಲು ಕಾರಣ

ಎಸೆಯುವ ಆಟಗಾರನು ಗೆರೆಯ ಹೊರಗಿರುವುದರಿಂದ ಆ ಕ್ಷಣದಲ್ಲಿ ಅವನ ತಂಡದ 10 ಮಂದಿ ಮಾತ್ರ ಮೈದಾನದೊಳಗೆ ಇರುತ್ತಾರೆ; ಎದುರಾಳಿಗಳು 11 ಮಂದಿ. ಸಹ ಆಟಗಾರರು ನಿಂತಲ್ಲೇ ನಿಂತು ಚೆಂಡಿಗಾಗಿ ಕಾದರೆ ಪ್ರತಿಯೊಬ್ಬರಿಗೂ ಸುಲಭವಾಗಿ ಕಾವಲು ಬೀಳುತ್ತದೆ. ಆದುದರಿಂದ ದೂರ ಎಸೆಯುವ ಶಕ್ತಿಯಷ್ಟೇ ಚೆಂಡು ಪಡೆಯುವವರ ಚಲನೆಯೂ ಮುಖ್ಯ. ಇಂಗ್ಲೆಂಡಿನ ಲಿವರ್‌ಪೂಲ್ ತಂಡವು 2018ರಲ್ಲಿ ಡೆನ್ಮಾರ್ಕಿನ ಥಾಮಸ್ ಗ್ರೋನೆಮಾರ್ಕ್ ಅವರನ್ನು ಕೇವಲ ಥ್ರೋ-ಇನ್ ತರಬೇತಿಗಾಗಿಯೇ ನೇಮಿಸಿಕೊಂಡಿತ್ತು ಎಂಬುದು ಗಮನಾರ್ಹ.

ಅಭ್ಯಾಸ ಕ್ರಮ

ಮೊದಲ ಹಂತ: ಇಬ್ಬರು ಆಟಗಾರರು 5ರಿಂದ 6 ಮೀಟರ್ ಅಂತರದಲ್ಲಿ ನಿಂತು, ಕೈಬೆರಳುಗಳನ್ನು ಅಗಲಿಸಿ ಚೆಂಡಿನ ಹಿಂಬದಿಯನ್ನು ಹಿಡಿದು, ಮೊಣಕಾಲನ್ನು ಸ್ವಲ್ಪ ಬಗ್ಗಿಸಿ, ಬೆನ್ನನ್ನು ಹಿಂದಕ್ಕೆ ಬಾಗಿಸಿ ಪರಸ್ಪರ ಎಸೆಯಬೇಕು.

ಎರಡನೆಯ ಹಂತ: ಎರಡು ಮೂರು ಹೆಜ್ಜೆ ಓಡಿ ಬಂದು ಎಸೆಯಬೇಕು. ಹಿಂದಿನ ಕಾಲು ನೆಲದಿಂದ ಮೇಲೇಳದಂತೆ ಬೆರಳ ತುದಿಯನ್ನು ಎಳೆದುಕೊಂಡು ಬರುವುದನ್ನು ರೂಢಿಸಿಕೊಳ್ಳಬೇಕು. ಕಲಿಯುವ ಮಕ್ಕಳು ಹೆಚ್ಚಾಗಿ ತಪ್ಪುವುದು ಇಲ್ಲಿಯೇ.

ಮೂರನೆಯ ಹಂತ: ಮೂವರ ಗುಂಪಿನಲ್ಲಿ ಒಬ್ಬನು ಎಸೆಯುವವನ ಕಡೆಗೆ ಓಡಿ ಬಂದು ಕಾವಲುಗಾರನನ್ನು ಸೆಳೆಯಬೇಕು, ಇನ್ನೊಬ್ಬನು ಅದರಿಂದ ತೆರವಾದ ಜಾಗಕ್ಕೆ ಧಾವಿಸಬೇಕು. ಎಸೆದವನು ತಕ್ಷಣ ಮೈದಾನದೊಳಗೆ ಬಂದು ಚೆಂಡನ್ನು ಮರಳಿ ಪಡೆಯಲು ಸಿದ್ಧನಿರಬೇಕು.

ನಾಲ್ಕನೆಯ ಹಂತ: ಎದುರಾಳಿಗಳನ್ನು ಸೇರಿಸಿ ಇದೇ ಕ್ರಮವನ್ನು ಪುನರಾವರ್ತಿಸಬೇಕು. ಚೆಂಡನ್ನು ಸಹ ಆಟಗಾರನ ಪಾದಕ್ಕೆ ಅಥವಾ ಅವನು ಓಡುವ ದಾರಿಯ ಮುಂದಕ್ಕೆ ಎಸೆಯಬೇಕೇ ಹೊರತು ಮೊಣಕಾಲಿನ ಎತ್ತರಕ್ಕೆ ಎಸೆಯಬಾರದು. ಅಂತಹ ಚೆಂಡನ್ನು ನಿಯಂತ್ರಿಸುವುದು ಕಷ್ಟ.

ಎಚ್ಚರಿಕೆಗಳು

ಮಳೆಗಾಲದಲ್ಲಿ ಒದ್ದೆಯಾದ ಚೆಂಡು ಕೈಯಿಂದ ಜಾರುವುದರಿಂದ ಎಸೆಯುವ ಮುನ್ನ ಅದನ್ನು ಅಂಗಿಯಿಂದ ಒರೆಸಿಕೊಳ್ಳುವುದು ಸೂಕ್ತ. ಚಿಕ್ಕ ಮಕ್ಕಳಿಗೆ 5ನೆಯ ಅಳತೆಯ ಚೆಂಡಿನ ಬದಲು 4ನೆಯ ಅಳತೆಯದನ್ನು ನೀಡಬೇಕು. ಭುಜ ಅಥವಾ ಬೆನ್ನು ನೋಯುತ್ತಿದ್ದಲ್ಲಿ ಅಭ್ಯಾಸವನ್ನು ನಿಲ್ಲಿಸಬೇಕು.

ಈ ಕೌಶಲಕ್ಕೆ ಒಂದು ಚೆಂಡು ಮತ್ತು ನೆಲದ ಮೇಲೆ ಎಳೆದ ಒಂದು ಗೆರೆ ಇದ್ದರೆ ಸಾಕು; ವೇಗವಾಗಿ ಓಡಲಾರದ ಮಗುವೂ ಇದನ್ನು ಕಲಿತು ತಂಡಕ್ಕೆ ನೆರವಾಗಬಲ್ಲದು. ತರಬೇತಿ ಹಾಗೂ ಆಯ್ಕೆಯ ವಿವರಗಳಿಗಾಗಿ ಆಸಕ್ತರು ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರನ್ನು ಅಥವಾ ಕಾರವಾರದಲ್ಲಿರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.