ಕಳುಹಿಸಿದವರು ಯಾರು? ಸ್ಪ್ಯಾಮ್ ಮಿಂಚಂಚೆಯ ಜಾಡು ಹಿಡಿಯುವ ಬಗೆ

ನನ್ನ ಪರಿಚಯದ ಪ್ರೌಢಶಾಲಾ ವಿಜ್ಞಾನ ಶಿಕ್ಷಕರೊಬ್ಬರು ಒಂದು ಸೋಮವಾರ ಶಾಲೆಗೆ ಹೋದಾಗ ಸಹೋದ್ಯೋಗಿಗಳೆಲ್ಲ ಅವರನ್ನು ಕಂಡು ಬೆರಗಾದರು. 'ಆಸ್ಪತ್ರೆಯಲ್ಲಿದ್ದೇನೆ, ಫೋನ್ ಮಾಡಬೇಡಿ, ತುರ್ತಾಗಿ 15 ಸಾವಿರ ರೂಪಾಯಿ ಈ ಖಾತೆಗೆ ಹಾಕಿ' ಎಂಬ ಮಿಂಚಂಚೆ ಹಿಂದಿನ ರಾತ್ರಿ ಅವರ ಹೆಸರಿನಲ್ಲಿ, ಅವರದೇ ವಿಳಾಸದಿಂದ ಎಲ್ಲರಿಗೂ ಬಂದಿತ್ತು. ಒಬ್ಬರು ಹಣವನ್ನೂ ಕಳುಹಿಸಿಬಿಟ್ಟಿದ್ದರು. 'ನಾನು ಬರೆದೇ ಇಲ್ಲ' ಎಂದು ಮೇಷ್ಟರು ಎಷ್ಟು ಹೇಳಿದರೂ, 'ನಿಮ್ಮ ವಿಳಾಸವೇ ಇದೆಯಲ್ಲ ಸಾರ್' ಎಂಬ ಮಾತಿಗೆ ಅವರಲ್ಲಿ ಉತ್ತರವಿರಲಿಲ್ಲ. ಪಾಸ್‌ವರ್ಡ್ ಬದಲಾಯಿಸಿದರು. ಎರಡು ದಿನ ಕಳೆಯುವಷ್ಟರಲ್ಲಿ ಅಂಥದೇ ಇನ್ನೊಂದು ಪತ್ರ ಬಂತು.

ವಾಸ್ತವವಾಗಿ ಅವರ ಖಾತೆಗೆ ಯಾರೂ ನುಗ್ಗಿರಲಿಲ್ಲ. ನುಗ್ಗುವ ಅಗತ್ಯವೂ ಇರಲಿಲ್ಲ. ಅಂಚೆ ಲಕೋಟೆಯ ಹಿಂಬದಿಯಲ್ಲಿ 'ಇಂದ' ಎಂದು ಬರೆದು ಅದರ ಕೆಳಗೆ ಯಾರ ವಿಳಾಸವನ್ನಾದರೂ ಬರೆಯಬಹುದು, ಅಲ್ಲವೇ? ಪೋಸ್ಟ್‌ಮ್ಯಾನ್ ಅದನ್ನು ಪರೀಕ್ಷಿಸುವುದಿಲ್ಲ. ಮಿಂಚಂಚೆಯ 'ಫ್ರಮ್' ಸಾಲಿನ ಯೋಗ್ಯತೆಯೂ ಅಷ್ಟೇ.

ಮಿಂಚಂಚೆಯನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವ ನಿಯಮಾವಳಿಗೆ ಎಸ್‌ಎಂಟಿಪಿ ಎಂದು ಹೆಸರು. 1982ರಲ್ಲಿ ಜಾನ್ ಪೋಸ್ಟೆಲ್ ಇದನ್ನು ಬರೆದಾಗ ಜಾಲದಲ್ಲಿದ್ದವರು ಬಹುಪಾಲು ವಿಶ್ವವಿದ್ಯಾಲಯ ಮತ್ತು ಸಂಶೋಧನಾಲಯಗಳವರು. ಬರೆದವರು ತಮ್ಮ ವಿಳಾಸವನ್ನು ಸುಳ್ಳಾಗಿ ಹೇಳಬಹುದೆಂಬ ಶಂಕೆಗೆ ಆ ನಿಯಮದಲ್ಲಿ ಜಾಗವೇ ಇರಲಿಲ್ಲ. (ಬೇಡದ ಪತ್ರಗಳ ಕಾಟ ಮಾತ್ರ ಅದಕ್ಕೂ ಹಳೆಯದು. 1978ರ ಮೇ 3ರಂದು ಡಿಇಸಿ ಎಂಬ ಗಣಕ ಕಂಪನಿಯ ಗ್ಯಾರಿ ಥುಯರ್ಕ್ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ಕಳುಹಿಸಿದ್ದೇ ಮೊದಲ ಸ್ಪ್ಯಾಮ್ ಎನ್ನುತ್ತಾರೆ.)

ಹಾಗಾದರೆ ನಂಬಬಹುದಾದದ್ದು ಯಾವುದು? ಅಂಚೆ ಠಸ್ಸೆ. ಲಕೋಟೆಯ ಮೇಲೆ ಯಾರ ಹೆಸರೇ ಇರಲಿ, ಪತ್ರ ಯಾವ ಅಂಚೆ ಕಚೇರಿಯಿಂದ ಎಂದು ಹೊರಟಿತೆಂಬುದನ್ನು ಠಸ್ಸೆ ಹೇಳುತ್ತದೆ. ಮಿಂಚಂಚೆಗೂ ಅಂಥ ಠಸ್ಸೆಗಳಿವೆ. ಪತ್ರ ಹಾದುಹೋಗುವ ಪ್ರತಿಯೊಂದು ಸರ್ವರ್ 'ರಿಸೀವ್ಡ್' ಎಂಬ ಒಂದು ಸಾಲನ್ನು ಅದಕ್ಕೆ ಸೇರಿಸುತ್ತದೆ. ಯಾರಿಂದ ಪಡೆದೆ, ಪಡೆದ ನಾನು ಯಾರು, ಎಷ್ಟು ಹೊತ್ತಿಗೆ ಎಂಬ ವಿವರ ಅದರಲ್ಲಿರುತ್ತದೆ. ಇವೆಲ್ಲ ಇರುವ ಭಾಗವೇ ಹೆಡರ್. ಸಾಮಾನ್ಯವಾಗಿ ಅದು ನಮ್ಮ ಕಣ್ಣಿಗೆ ಬೀಳದಂತೆ ಮುಚ್ಚಿರುತ್ತದೆ. ಜಿಮೇಲ್‌ನಲ್ಲಿ ಪತ್ರವನ್ನು ತೆರೆದು, ಬಲತುದಿಯ ಮೂರು ಚುಕ್ಕೆಗಳನ್ನು ಒತ್ತಿ, 'ಶೋ ಒರಿಜಿನಲ್' ಆರಿಸಿದರೆ ಪೂರ್ತಿ ಹೆಡರ್ ಕಾಣುತ್ತದೆ. ಬೇರೆ ಸೇವೆಗಳಲ್ಲೂ ಇಂಥದೊಂದು ಆಯ್ಕೆ ಇರುತ್ತದೆ. ಮೊಬೈಲಿಗಿಂತ ಗಣಕದಲ್ಲಿ ಈ ಕೆಲಸ ಸುಲಭ.

ಕೆಳಗಿನಿಂದ ಮೇಲಕ್ಕೆ

ಪ್ರತಿ ಸರ್ವರ್ ತನ್ನ ಸಾಲನ್ನು ಎಲ್ಲಕ್ಕಿಂತ ಮೇಲೆ ಸೇರಿಸುವುದರಿಂದ ಪಯಣದ ಕಥೆ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಒಂದು ಮಾದರಿ ನೋಡಿ. ನಿಜವಾದ ಹೆಡರ್ ಇಂಗ್ಲಿಷ್ ಲಿಪಿಯಲ್ಲಿ, ಇದಕ್ಕಿಂತ ಗೋಜಲಾಗಿ ಇರುತ್ತದೆ, ಇಲ್ಲಿ ಸರಳಗೊಳಿಸಿದೆ.

ರಿಸೀವ್ಡ್: ನಮ್ಮ ಹೊರ ಸರ್ವರ್‌ನಿಂದ, ಪಡೆದದ್ದು ನಮ್ಮ ಒಳ ಸರ್ವರ್, 09:14:22 +0530
ರಿಸೀವ್ಡ್: 'ಬ್ಯಾಂಕ್-ಮೇಲ್' [203.0.113.45] ಇಂದ, ಪಡೆದದ್ದು ನಮ್ಮ ಹೊರ ಸರ್ವರ್, 09:14:20 +0530
ರಿಸೀವ್ಡ್: 'ಮುಖ್ಯ-ಕಚೇರಿ' [192.0.2.10] ಇಂದ, ಪಡೆದದ್ದು ಬ್ಯಾಂಕ್-ಮೇಲ್, 11:40:05 +0530

ಕೆಳಗಿನ ಸಾಲೇ ಮೂಲ, ಪತ್ರ ಬ್ಯಾಂಕಿನ ಮುಖ್ಯ ಕಚೇರಿಯಿಂದಲೇ ಹೊರಟಿದೆ ಎಂದುಕೊಂಡರೆ ಮೋಸಹೋದಿರಿ. ಸ್ಪ್ಯಾಮ್ ಕಳುಹಿಸುವವನು ಹೊರಡುವ ಮೊದಲೇ ಒಂದೆರಡು ಸುಳ್ಳು ಠಸ್ಸೆ ಒತ್ತಿಕೊಂಡೇ ಬರಬಹುದು. ಗಡಿಯಾರ ನೋಡಿ: ನಮಗೆ 9 ಗಂಟೆ 14 ನಿಮಿಷಕ್ಕೆ ತಲುಪಿದ ಪತ್ರ ಅದೇ ದಿನ 11 ಗಂಟೆ 40ಕ್ಕೆ ಹೊರಟಿತಂತೆ! ಎಲ್ಲ ಸುಳ್ಳುಗಳೂ ಇಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಆದ್ದರಿಂದ ಜಾಡು ಹಿಡಿಯುವಾಗ ಮೇಲಿನಿಂದ ಕೆಳಕ್ಕೆ ಇಳಿಯಬೇಕು. ನಮ್ಮದೇ ಅಂಚೆ ಸೇವೆಯ ಸರ್ವರ್ ಬರೆದ ಸಾಲುಗಳನ್ನು ನಂಬಬಹುದು. ಅವುಗಳಲ್ಲಿ, ಹೊರಗಿನವರಿಂದ ಪತ್ರವನ್ನು ಮೊದಲು ಪಡೆದ ಸಾಲಿನಲ್ಲಿ ನಿಲ್ಲಬೇಕು. ಇಲ್ಲಿ ಅದು ಎರಡನೆಯ ಸಾಲು. ಅದರ ಕೆಳಗಿನದ್ದೆಲ್ಲ ಹೊರಗಿನವರ ಹೇಳಿಕೆ, ಅಷ್ಟೇ.

ಆ ಎರಡನೆಯ ಸಾಲಿನಲ್ಲೂ ಎರಡು ಬಗೆಯ ಮಾಹಿತಿ ಇದೆ. 'ಬ್ಯಾಂಕ್-ಮೇಲ್' ಎಂಬುದು ಎದುರಿನ ಯಂತ್ರ ತಾನೇ ಹೇಳಿಕೊಂಡ ಹೆಸರು. ಅದು ಏನು ಬೇಕಾದರೂ ಹೇಳಿಕೊಳ್ಳಬಹುದು. ಆವರಣದೊಳಗಿನ 203.0.113.45 ಹಾಗಲ್ಲ. ಅದು ನಮ್ಮ ಸರ್ವರ್ ತಾನೇ ಕಂಡು ಬರೆದುಕೊಂಡ ಐಪಿ ವಿಳಾಸ. ಇದನ್ನೇಕೆ ಸುಳ್ಳಾಗಿಸಲು ಬರುವುದಿಲ್ಲ ಎಂಬುದು ಸ್ವಾರಸ್ಯಕರ. ಮಿಂಚಂಚೆ ಸಾಗುವುದು ಟಿಸಿಪಿ ಸಂಪರ್ಕದ ಮೂಲಕ. ಸಂಪರ್ಕ ಬೇಡಿದ ಯಂತ್ರ ತನ್ನದೆಂದು ಹೇಳುವ ವಿಳಾಸಕ್ಕೆ ನಮ್ಮ ಸರ್ವರ್ ಊಹಿಸಲು ಕಷ್ಟವಾದ ಒಂದು ಸಂಖ್ಯೆಯನ್ನು ಕಳುಹಿಸುತ್ತದೆ. ಆ ಸಂಖ್ಯೆಗೆ 1 ಕೂಡಿಸಿ ಮರಳಿಸಿದರೆ ಮಾತ್ರ ಮಾತುಕತೆ ಮುಂದುವರಿಯುತ್ತದೆ. ವಿಳಾಸ ಸುಳ್ಳಾದರೆ ಸಂಖ್ಯೆ ಬೇರೆ ಯಾರಿಗೋ ಹೋಗುತ್ತದೆ, ಸುಳ್ಳುಗಾರನಿಗೆ ಉತ್ತರ ಕೊಡಲಾಗುವುದಿಲ್ಲ. ನಿಮ್ಮ ಮನೆಯ ವಿಳಾಸಕ್ಕೆ ಪತ್ರ ಬರೆದು ಅದರಲ್ಲಿನ ಗುಟ್ಟಿನ ಸಂಖ್ಯೆ ಹೇಳಿ ಎಂದು ಕೇಳಿದಂತೆ.

ಆದರೆ ಐಪಿ ವಿಳಾಸ ಸಿಕ್ಕಿತೆಂದರೆ ಕಳ್ಳ ಸಿಕ್ಕ ಎಂದಲ್ಲ. ಅದು ಒಂದು ಯಂತ್ರದ ಅಥವಾ ಒಂದು ಸಂಪರ್ಕದ ಗುರುತೇ ಹೊರತು ವ್ಯಕ್ತಿಯದಲ್ಲ. ಕುತಂತ್ರಾಂಶ ಹೊಕ್ಕ ಗಣಕಗಳ ಸಮೂಹವನ್ನು ಬಾಟ್‌ನೆಟ್ ಎನ್ನುತ್ತಾರೆ. ಅದರಲ್ಲಿನ ಗಣಕದ ಒಡೆಯನಿಗೆ ತನ್ನ ಯಂತ್ರ ರಾತ್ರಿಯಿಡೀ ಸ್ಪ್ಯಾಮ್ ಹಂಚುತ್ತಿರುವುದು ತಿಳಿದೇ ಇರುವುದಿಲ್ಲ. ಇನ್ನು ಪತ್ರವನ್ನು ಜಿಮೇಲ್ ಪುಟದಿಂದಲೇ ಕಳುಹಿಸಿದ್ದರೆ ಹೆಡರ್‌ನಲ್ಲಿ ಸಿಗುವುದು ಗೂಗಲ್‌ನ ಸರ್ವರ್‌ಗಳ ವಿಳಾಸ ಮಾತ್ರ, ಬರೆದವರ ಗಣಕದ್ದಲ್ಲ. ಅಂಥ ದೂರು ಗೂಗಲ್‌ಗೇ ಹೋಗಬೇಕು.

ದೂರು ಯಾರಿಗೆ?

'ಫ್ರಮ್' ಸಾಲಿನಲ್ಲಿರುವವರಿಗಂತೂ ಅಲ್ಲ. ಅವರನ್ನು ಬೈದು ಬರೆದರೆ ನಮ್ಮ ಮೇಷ್ಟರಂಥ ನಿರಪರಾಧಿಯನ್ನು ಬೈದಂತೆ. ವಿಳಾಸ ನಿಜವಾಗಿಯೂ ಸ್ಪ್ಯಾಮಿನವನದೇ ಆಗಿದ್ದರೆ, 'ಈ ಪೆಟ್ಟಿಗೆಯನ್ನು ಓದುವವರಿದ್ದಾರೆ' ಎಂದು ಅವನಿಗೆ ತಿಳಿಸಿದಂತೆ. ಪರಿಚಯವಿಲ್ಲದವರ ಪತ್ರದ ಕೊನೆಯಲ್ಲಿರುವ 'ಅನ್‌ಸಬ್‌ಸ್ಕ್ರೈಬ್' ಕೊಂಡಿಯನ್ನು ಒತ್ತುವುದೂ ಹೀಗೆಯೇ.

ಐಪಿ ವಿಳಾಸಗಳನ್ನು ಜಗತ್ತಿನಲ್ಲಿ ಐದು ಪ್ರಾದೇಶಿಕ ಸಂಸ್ಥೆಗಳು ಹಂಚುತ್ತವೆ. ಏಷ್ಯಾ-ಪೆಸಿಫಿಕ್ ವಲಯಕ್ಕೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಏಪ್‌ನಿಕ್, ಅದರಡಿ ಭಾರತಕ್ಕೆ ಐಆರ್‌ಐಎನ್‌ಎನ್ ಇವೆ. 'ಹೂಈಸ್' ಎಂಬ ಹುಡುಕು ಸೇವೆಯಲ್ಲಿ ಐಪಿ ವಿಳಾಸವನ್ನು ಬರೆದರೆ ಅದು ಯಾವ ಜಾಲ ಕಂಪನಿಗೆ ಸೇರಿದ್ದು, ದುರ್ಬಳಕೆಯ ದೂರನ್ನು ಎಲ್ಲಿಗೆ ಕಳುಹಿಸಬೇಕು ಎಂಬ ವಿವರ ಬರುತ್ತದೆ. 'ಅಬ್ಯೂಸ್' ಎಂಬ ಪದದಿಂದ ಆರಂಭವಾಗುವ ಅಂಚೆಪೆಟ್ಟಿಗೆಯನ್ನು ಇದಕ್ಕೆಂದೇ ಇಟ್ಟುಕೊಳ್ಳಬೇಕೆಂಬ ಕ್ರಮ 1997ರಿಂದ ಇದೆ. ಹುಡುಕುವ ಮೊದಲು ಒಂದು ಎಚ್ಚರಿಕೆ: 10 ಅಥವಾ 192.168ರಿಂದ ಆರಂಭವಾಗುವ ವಿಳಾಸಗಳು ಮನೆ, ಕಚೇರಿಗಳ ಒಳಜಾಲದವು. ಅವುಗಳ ಬೆನ್ನು ಹತ್ತಿ ಪ್ರಯೋಜನವಿಲ್ಲ. ಮೇಲಿನ ಮಾದರಿಯಲ್ಲಿ ಕೊಟ್ಟ ಎರಡು ವಿಳಾಸಗಳೂ ಉದಾಹರಣೆಗಳಿಗೆಂದೇ ಮೀಸಲಾದವು, ಯಾರವೂ ಅಲ್ಲ.

ದೂರಿನಲ್ಲಿ ಆವೇಶ ಬೇಡ. ಪೂರ್ತಿ ಹೆಡರ್ ಬೇಕು. ಬಂದ ಪತ್ರವನ್ನು ಸುಮ್ಮನೆ 'ಫಾರ್ವರ್ಡ್' ಮಾಡಿದರೆ ಮೂಲ ಹೆಡರ್ ಕಳೆದುಹೋಗಿ ನಿಮ್ಮ ಹೊಸ ಹೆಡರ್ ಸೇರಿಕೊಳ್ಳುತ್ತದೆ. ಇದು ಎಲ್ಲರೂ ಮಾಡುವ ತಪ್ಪು. ಪತ್ರವನ್ನು ಲಗತ್ತಾಗಿ ಕಳುಹಿಸಿ, ಅಥವಾ ಮೂಲವನ್ನು ನಕಲು ಮಾಡಿ ಅಂಟಿಸಿ. ವೇಳೆಯ ಪಕ್ಕದ +0530 ಅನ್ನು ಬಿಡಬೇಡಿ. ಅದು ಭಾರತೀಯ ಕಾಲಮಾನದ ಗುರುತು. ಒಂದೇ ಐಪಿ ವಿಳಾಸ ಬೆಳಿಗ್ಗೆ ಒಬ್ಬ ಗ್ರಾಹಕನ ಬಳಿ, ಮಧ್ಯಾಹ್ನ ಇನ್ನೊಬ್ಬನ ಬಳಿ ಇರಬಹುದು. ಮೊಬೈಲ್ ಜಾಲಗಳಲ್ಲಿ ಏಕಕಾಲಕ್ಕೆ ಅನೇಕರು ಅದನ್ನು ಹಂಚಿಕೊಂಡಿರುತ್ತಾರೆ. ನಿಖರವಾದ ವೇಳೆಯಿಲ್ಲದೆ ಕಂಪನಿಯವರಿಗೂ ಏನೂ ಗೊತ್ತಾಗದು. ಇಷ್ಟೆಲ್ಲ ತಾಳ್ಮೆ ಇಲ್ಲದವರಿಗೆ 1998ರಲ್ಲಿ ಆರಂಭವಾದ ಸ್ಪ್ಯಾಮ್‌ಕಾಪ್ ಎಂಬ ಸೇವೆ ಇದೆ. ಹೆಡರ್ ಅಂಟಿಸಿದರೆ ದೂರಿನ ವಿಳಾಸವನ್ನು ಅದೇ ಹುಡುಕುತ್ತದೆ. ಅದೂ ಬೇಡವೆಂದರೆ ಪತ್ರವನ್ನು ಅಳಿಸುವ ಬದಲು 'ರಿಪೋರ್ಟ್ ಸ್ಪ್ಯಾಮ್' ಗುಂಡಿಯನ್ನಾದರೂ ಒತ್ತಿ; ಸೋಸುವ ತಂತ್ರಾಂಶ ಕಲಿಯುವುದು ಇಂಥ ಗುರುತುಗಳಿಂದಲೇ.

ದೂರಿನಿಂದ ಏನಾಗುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. 2008ರ ನವೆಂಬರ್ 11ರಂದು ನಡೆದದ್ದನ್ನು ಅವರಿಗೆ ಹೇಳಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದ ಮಕೋಲೊ ಎಂಬ ಕಂಪನಿಯ ಯಂತ್ರಗಳಿಂದ ಹಲವು ಬಾಟ್‌ನೆಟ್‌ಗಳಿಗೆ ಅಪ್ಪಣೆ ಹೋಗುತ್ತಿತ್ತು. ಭದ್ರತಾ ತಜ್ಞರು ಮತ್ತು ಒಬ್ಬ ಪತ್ರಕರ್ತ ಕಲೆಹಾಕಿದ ಸಾಕ್ಷ್ಯವನ್ನು ಅದಕ್ಕೆ ಅಂತರಜಾಲ ಸಂಪರ್ಕ ಒದಗಿಸುತ್ತಿದ್ದ ಎರಡು ಕಂಪನಿಗಳ ಮುಂದಿಟ್ಟಾಗ ಅವು ಸಂಪರ್ಕವನ್ನು ಕಡಿದುಹಾಕಿದವು. ಜಗತ್ತಿನ ಸ್ಪ್ಯಾಮ್ ಪ್ರಮಾಣ ಒಮ್ಮೆಲೇ ಅರ್ಧಕ್ಕಿಂತ ಹೆಚ್ಚು ಕುಸಿಯಿತು! ಕೆಲವು ತಿಂಗಳಲ್ಲಿ ಅದು ಮತ್ತೆ ಏರಿತೆನ್ನುವುದೂ ನಿಜ.

ಬೇಡದ ವಾಣಿಜ್ಯ ಮಿಂಚಂಚೆಯನ್ನು ತಡೆಯಲೆಂದೇ ರೂಪಿಸಿದ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಆದರೆ ಪತ್ರದಲ್ಲಿ ವಂಚನೆ ಇದ್ದರೆ ಮಾತು ಬೇರೆ. ಗಣಕದ ಮೂಲಕ ಬೇರೆಯವರಂತೆ ನಟಿಸಿ ಮೋಸ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನ ಪ್ರಕಾರ ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸಬೇಕು. ಆಗಲೂ ಮೂಲ ಪತ್ರವನ್ನು ಅಳಿಸಬಾರದು.

ಇನ್ನು ನಮ್ಮ ಮೇಷ್ಟರ ಪ್ರಕರಣ. ಸಹೋದ್ಯೋಗಿಯ ಪೆಟ್ಟಿಗೆಯಲ್ಲಿದ್ದ ಪತ್ರದ ಹೆಡರ್ ತೆರೆದು ಕುಳಿತೆವು. ನಂಬಬಹುದಾದ ಸಾಲಿನಲ್ಲಿದ್ದ ಐಪಿ ವಿಳಾಸ ಶಾಲೆಯದಲ್ಲ, ಮೇಷ್ಟರ ಮನೆಯದೂ ಅಲ್ಲ. ಸರ್ವರ್ ಬಾಡಿಗೆಗೆ ಕೊಡುವ ವಿದೇಶಿ ಕಂಪನಿಯೊಂದರದು. ಎಲ್ಲ ಶಿಕ್ಷಕರ ವಿಳಾಸಗಳು ವಂಚಕನಿಗೆ ಹೇಗೆ ಸಿಕ್ಕವೋ ಖಚಿತವಾಗಿ ಹೇಳಲಾಗದು. ಆದರೆ ಶಾಲೆಯ ಸುತ್ತೋಲೆಗಳು ಅಷ್ಟೂ ವಿಳಾಸಗಳನ್ನು 'ಟು' ಸಾಲಿನಲ್ಲಿ ಹೊತ್ತು ವರ್ಷಗಟ್ಟಲೆ ಊರೂರು ಸುತ್ತಿದ್ದವು. 'ಬಿಸಿಸಿ' ಬಳಸಿದ್ದರೆ ಅವು ಹೀಗೆ ಬಯಲಾಗುತ್ತಿರಲಿಲ್ಲ. ಇನ್ನೊಂದು ಲೋಪವೂ ಕಂಡಿತು. ನಮ್ಮ ಡೊಮೇನ್ ಹೆಸರಿನಲ್ಲಿ ಪತ್ರ ಕಳುಹಿಸಲು ಇಂಥ ಸರ್ವರ್‌ಗಳಿಗೆ ಮಾತ್ರ ಅಧಿಕಾರವಿದೆ ಎಂದು ಸಾರುವ ಎಸ್‌ಪಿಎಫ್ ದಾಖಲೆ, ಪತ್ರಕ್ಕೆ ಅಂಕೀಯ ಸಹಿ ಹಾಕುವ ಡಿಕೆಐಎಂ, ಇವೆರಡನ್ನು 'ಫ್ರಮ್' ಸಾಲಿನೊಂದಿಗೆ ತಾಳೆ ನೋಡಿ ತಪ್ಪಿದರೆ ಏನು ಮಾಡಬೇಕೆಂದು ಹೇಳುವ ಡಿಎಂಎಆರ್‌ಸಿ, ಈ ಮೂರರಲ್ಲಿ ಒಂದೂ ಶಾಲೆಯ ಡೊಮೇನ್‌ಗೆ ಇರಲಿಲ್ಲ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಭಾರಿ ಸಂಖ್ಯೆಯಲ್ಲಿ ಪತ್ರ ಕಳುಹಿಸುವವರಿಗೆ ಇವನ್ನು ಕಡ್ಡಾಯ ಮಾಡಿವೆ. ಚಿಕ್ಕ ಸಂಸ್ಥೆಗಳು ಮಾತ್ರ ಇತ್ತ ಗಮನ ಕೊಟ್ಟದ್ದು ಕಡಿಮೆ.

ಹೆಡರ್ ಸಹಿತ ದೂರು ಹೋದ ಐದನೆಯ ದಿನ ಆ ಗ್ರಾಹಕನ ಸರ್ವರ್ ಮುಚ್ಚಿರುವುದಾಗಿ ಕಂಪನಿಯಿಂದ ಎರಡು ಸಾಲಿನ ಉತ್ತರ ಬಂತು. ಶಾಲೆಯ ಜಾಲತಾಣ ನೋಡಿಕೊಳ್ಳುವವರು ಮೂರೂ ದಾಖಲೆಗಳನ್ನು ಸೇರಿಸಿದರು. ಸಹೋದ್ಯೋಗಿಯ 15 ಸಾವಿರ ಮಾತ್ರ ಸಿಗಲಿಲ್ಲ. ಪತ್ರ ಬರೆದವರು ಯಾರೆಂಬ ವಾಗ್ವಾದದಲ್ಲೇ ಎರಡು ದಿನ ಕಳೆದು, 1930ಕ್ಕೆ ಕರೆ ಹೋಗುವಷ್ಟರಲ್ಲಿ ಆ ಖಾತೆ ಬರಿದಾಗಿತ್ತು.